ಬಳಿಯುವವಳಿಗೇ ಗೊತ್ತು

ನಾಯಿ ತರುವವರು ಮನೆಯ ಗಂಡಸರು, ಇಲ್ಲವೇ ಮಕ್ಕಳು. ಅದಕ್ಕೆ ಹೆಸರಿಡುವವರೂ ಅವರೇ. ಸಂಜೆ ಸರಪಳಿ ಹಿಡಿದು ಕೆರೆ ಏರಿಯ ಕಡೆಗೆ ಠೀವಿಯಿಂದ ಹೊರಡುವವರೂ ಅವರೇ. ಅದೇ ನಾಯಿಗೆ ಹೊಟ್ಟೆ ಕೆಟ್ಟು, ಬೆಳಗಿನ ಜಾವ ವರಾಂಡದ ತುಂಬ ಭೇದಿ ಮಾಡಿಕೊಂಡಿತು ಅನ್ನಿ. ಆ ಗಳಿಗೆಯಿಂದ ಅದು ‘ನಿನ್ನ ನಾಯಿ’ ಆಗಿಬಿಡುತ್ತದೆ. “ಏನೇ, ನಿನ್ನ ನಾಯಿ ಏನು ಮಾಡಿದೆ ಬಂದು ನೋಡು” ಎಂಬ ಕೂಗು ಕೇಳದ ಮನೆ ನಮ್ಮ ಹೊಸಕೋಟೆಯಲ್ಲಿ ಎಷ್ಟಿದೆಯೋ ಕಾಣೆ.

ಬಳಿಯುವುದಕ್ಕೆ ನನ್ನ ತಕರಾರಿಲ್ಲ. ಮಕ್ಕಳದ್ದು ಬಳಿದಿದ್ದೇವೆ, ಹಾಸಿಗೆ ಹಿಡಿದ ಹಿರಿಯರದ್ದು ಬಳಿದಿದ್ದೇವೆ, ನಾಯಿಯದ್ದೇನು ಹೆಚ್ಚು? ನನ್ನ ಜಗಳ ಇರುವುದು ಬೇರೆ ಕಡೆ. ಬಳಿಯುವ ಕೆಲಸ ನಮ್ಮದು. ಅದಕ್ಕೆ ಏನು ಮದ್ದು, ಡಾಕ್ಟರ ಹತ್ತಿರ ಹೋಗಬೇಕೋ ಬೇಡವೋ ಎಂಬ ತೀರ್ಮಾನ ಮಾತ್ರ ಅವರದ್ದು. ದನದಾಸ್ಪತ್ರೆಯಲ್ಲಿ ನಿಂತು ನೋಡಿ. “ಎಷ್ಟು ಸಲ ಆಯ್ತು?” ಎಂದು ಡಾಕ್ಟರು ಕೇಳುತ್ತಾರೆ. ಸರಪಳಿ ಹಿಡಿದವರು “ಎರಡು ಸಲ ಸಾರ್, ನಿನ್ನೆಯಿಂದ” ಅನ್ನುತ್ತಾರೆ. ಮೊನ್ನೆ ರಾತ್ರಿಯಿಂದ, ಏಳು ಸಲ, ಕೊನೆಯ ಎರಡು ಸಲ ಲೋಳೆಯ ಜೊತೆ ರಕ್ತದ ಎಳೆ ಇತ್ತು ಎಂದು ಗೊತ್ತಿರುವವಳು ಮನೆಯಲ್ಲಿ ಬಕೆಟ್ಟು ತೊಳೆಯುತ್ತಿರುತ್ತಾಳೆ. ಆ ಬಣ್ಣ, ಆ ಲೆಕ್ಕ, ಆ ವಾಸನೆ, ಇವೇ ಡಾಕ್ಟರಿಗೆ ಬೇಕಾದ ಅರ್ಧ ಪರೀಕ್ಷೆ.

ಹೊಟ್ಟೆ ಕೆಡುವುದು ಯಾಕೆ ಎಂಬುದೂ ನಮಗೇ ಗೊತ್ತು. ನಮ್ಮೂರಿನ ಬಿರಿಯಾನಿ ತಿನ್ನಲು ಭಾನುವಾರ ಕೋಳಿ ಕೂಗುವ ಮೊದಲೇ ಬೆಂಗಳೂರಿನಿಂದ ಕಾರುಗಳು ಬಂದು ಸಾಲು ನಿಲ್ಲುತ್ತವೆ. ಪೊಟ್ಟಣ ಮನೆಗೂ ಬರುತ್ತದೆ. ತಿಂದು ಮುಗಿಸಿದ ಮೇಲೆ ಮೂಳೆ, ಮಸಾಲೆ, ಈರುಳ್ಳಿ ಎಲ್ಲ ಒಟ್ಟಿಗೆ ನಾಯಿಯ ತಟ್ಟೆಗೆ. ಸೋಮವಾರ ಅದರ ಫಲ ವರಾಂಡದಲ್ಲಿ. ಯುಗಾದಿಯ ಮಾರನೆಯ ದಿನದ ವರ್ಷತೊಡಕಂತೂ ಕೇಳಲೇಬೇಡಿ. ಬೆಂದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪುಕಣಗಳನ್ನೇ ಒಡೆಯುತ್ತವೆ. ಮಾಂಸ ಮಾಡದ ಮನೆಯವರು ಬೀಗಬೇಕಿಲ್ಲ. ಹಬ್ಬದ ಪಾಯಸದಲ್ಲಿರುವ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡಕ್ಕೆ ವಿಷ. “ಪಾಪ, ಅದಕ್ಕೂ ಹಬ್ಬ” ಎಂದು ಸುರಿಯುವ ಪ್ರೀತಿಯೇ ಅರ್ಧ ಭೇದಿಗಳಿಗೆ ಮೂಲ.

ಇನ್ನು ಮದ್ದಿನ ವಿಚಾರ. ನಮ್ಮಲ್ಲಿ ಎರಡು ಪಂಗಡಗಳಿವೆ. ಒಂದು, “ಅಯ್ಯೋ ಬುಡಮ್ಮ, ನಾಯಿ ತಾನೆ, ಹುಲ್ಲು ತಿಂದು ಸರಿಹೋಯ್ತದೆ” ಎನ್ನುವ ಪಂಗಡ. ಇನ್ನೊಂದು, ಬೀರುವಿನಲ್ಲಿರುವ ಮಾತ್ರೆಯ ಡಬ್ಬಿ ತೆಗೆಯುವ ಪಂಗಡ. ತಮಗೆ ಕೊಟ್ಟಿದ್ದ ಭೇದಿ ನಿಲ್ಲುವ ಮಾತ್ರೆಯಲ್ಲಿ ಅರ್ಧ ಮುರಿದು ನಾಯಿಯ ಗಂಟಲಿಗೆ ತುರುಕುತ್ತಾರೆ. ಮೈ ಬಿಸಿ ಇದ್ದರೆ ಜ್ವರದ ಮಾತ್ರೆ, ನೋವಿನ ಮಾತ್ರೆ. ಅದೂ ಸಾಲದೆಂದು ಕಾಫಿ ಡಿಕಾಕ್ಷನ್ನಿಗೆ ನಿಂಬೆಹುಳಿ ಹಿಂಡಿ ಕುಡಿಸುತ್ತಾರೆ. ನಮಗೆ ಹಿಡಿಸುವ ಮದ್ದು ನಾಯಿಗೂ ಹಿಡಿಸುತ್ತದೆ ಎಂದು ಇವರಿಗೆ ಹೇಳಿದವರು ಯಾರು? ನಾವು ನುಂಗುವ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ನಾಯಿಯ ಯಕೃತ್ತು, ಜಠರ, ಮೂತ್ರಪಿಂಡಗಳನ್ನು ಹಾಳು ಮಾಡಬಲ್ಲವು. ಕಾಫಿಯ ಕೆಫೀನ್ ಅದಕ್ಕೆ ವಿಷವೇ. ಭೇದಿ ಕಟ್ಟುವ ಮಾತ್ರೆ ಒಳಗಿನ ಸೋಂಕನ್ನು ಒಳಗೇ ಕಟ್ಟಿಹಾಕಬಹುದು. ಒಂದು ಪಂಗಡ ಉದಾಸೀನದಿಂದ ಕೊಲ್ಲುತ್ತದೆ, ಇನ್ನೊಂದು ಉತ್ಸಾಹದಿಂದ.

ಹಾಗಾದರೆ ಮನೆಯಲ್ಲಿ ಮಾಡುವುದೇನೂ ಇಲ್ಲವೇ? ಇದೆ, ಎಲ್ಲವೂ ಅಡುಗೆಮನೆಯಲ್ಲೇ ಇದೆ. ಬೆಳೆದ ನಾಯಿ, ಒಂದೆರಡು ಸಲ ತೆಳ್ಳಗೆ ಹೋಗಿದೆ, ಆದರೂ ಬಾಲ ಅಲ್ಲಾಡಿಸುತ್ತಿದೆ, ನೀರು ಕುಡಿಯುತ್ತಿದೆ ಎಂದರೆ ಹೆದರಬೇಕಿಲ್ಲ. ಹನ್ನೆರಡು ಗಂಟೆ ಹೊಟ್ಟೆಗೆ ಬಿಡುವು ಕೊಡಿ. ನೀರು ಮಾತ್ರ ನಿಲ್ಲಿಸಬೇಡಿ. ಕುದಿಸಿ ಆರಿಸಿದ ನೀರನ್ನು ಸ್ವಲ್ಪ ಸ್ವಲ್ಪವೇ, ಮತ್ತೆ ಮತ್ತೆ ಇಡಿ. ಆಮೇಲೆ ಮೆತ್ತಗೆ ಬೆಂದ ಅನ್ನ. ಕೋಳಿ ತಿನ್ನುವ ಮನೆಯಾದರೆ ಚರ್ಮ, ಮೂಳೆ ತೆಗೆದು ಬರೀ ನೀರಿನಲ್ಲಿ ಬೇಯಿಸಿದ ಮಾಂಸ. ಉಪ್ಪು, ಖಾರ, ಎಣ್ಣೆ, ಒಗ್ಗರಣೆ ಯಾವುದೂ ಇಲ್ಲ. ಮೊಸರಿನ ಅಭ್ಯಾಸವಿರುವ ನಾಯಿಗೆ ಒಂದೆರಡು ಚಮಚ ಮೊಸರು ಸಾಕು. ಹಾಲು ಬೇಡ, ಬೆಳೆದ ಅನೇಕ ನಾಯಿಗಳಿಗೆ ಅದು ಅರಗುವುದಿಲ್ಲ, ಭೇದಿ ಹೆಚ್ಚುತ್ತದೆ. ದಿನಕ್ಕೆ ನಾಲ್ಕು ಸಲ ಸ್ವಲ್ಪ ಸ್ವಲ್ಪ ಹಾಕಿ. ಎರಡು ಮೂರು ದಿನ ಹೀಗೆ ನಡೆಸಿ, ನಿಧಾನವಾಗಿ ಅದರ ಮಾಮೂಲಿ ಊಟಕ್ಕೆ, ಮುದ್ದೆಯೋ ಮತ್ತೊಂದೋ, ಬನ್ನಿ.

ಮನೆಮದ್ದಿಗೆ ಒಂದು ಗಡಿಯಿದೆ. ಆ ಗಡಿ ಎಲ್ಲಿ ಎಂದು ತಿಳಿದಿರುವುದೇ ಮನೆಮದ್ದಿನ ಅರ್ಧ ಭಾಗ. ರಕ್ತ ಕಂಡರೆ, ಮಲ ಡಾಂಬರಿನಂತೆ ಕಪ್ಪಾಗಿದ್ದರೆ, ವಾಂತಿಯೂ ಸೇರಿಕೊಂಡರೆ, ನೀರನ್ನೂ ಮುಟ್ಟದಿದ್ದರೆ, ಎದ್ದು ಬರದಿದ್ದರೆ, ಒಂದು ದಿನ ಕಳೆದರೂ ಕಡಿಮೆಯಾಗದಿದ್ದರೆ, ಮತ್ತೆ ಕಾಯಬೇಡಿ. ಹೆಗಲ ಮೇಲಿನ ಚರ್ಮ ಎತ್ತಿ ಬಿಡಿ. ಕೂಡಲೇ ಕೆಳಗಿಳಿಯದೆ ಗುಡಾರದಂತೆ ನಿಂತರೆ ಮೈಯ ನೀರು ಬತ್ತಿದೆ ಎಂದು ಅರ್ಥ. ತುಟಿ ಎತ್ತಿ ವಸಡು ನೋಡಿ. ಬಿಳಿಚಿಕೊಂಡು ಅಂಟಂಟಾಗಿದ್ದರೆ ಆಟೋ ಕರೆಯಿರಿ.

ಮರಿಯಾದರೆ ಉಪವಾಸವೂ ಬೇಡ, ಕಾಯುವುದೂ ಬೇಡ. 1978ರಲ್ಲಿ ಮೊದಲು ಗುರುತಿಸಿದ ಪಾರ್ವೋ ಎಂಬ ವೈರಸ್ ರೋಗ ಮರಿಗಳ ಪಾಲಿನ ಮಾರಿ. ಮಂಕು, ವಾಂತಿ, ಆಮೇಲೆ ನಾರುವ ರಕ್ತಭೇದಿ. ಎರಡು ಮೂರು ದಿನದಲ್ಲೇ ಮರಿ ಕೈಬಿಡಬಹುದು. ಹೊಸ ಲೇಔಟುಗಳ ಮನೆಗೆ ಸಾವಿರಾರು ರೂಪಾಯಿ ಕೊಟ್ಟು ಲ್ಯಾಬ್ರಡಾರ್ ಮರಿ ತರುತ್ತಾರೆ, ಗೇಟಿಗೆ ‘ನಾಯಿ ಇದೆ ಎಚ್ಚರಿಕೆ’ ಹಲಗೆ ತೂಗುಹಾಕುತ್ತಾರೆ, ಲಸಿಕೆಗೆ ಮಾತ್ರ “ಮುಂದಿನ ತಿಂಗಳು ನೋಡೋಣ” ಅನ್ನುತ್ತಾರೆ. ಆರರಿಂದ ಎಂಟು ವಾರದ ಮರಿಗೆ ಮೊದಲ ಚುಚ್ಚುಮದ್ದು, ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರ ತುಂಬುವವರೆಗೆ. ಅಷ್ಟು ಮಾಡಿದರೆ ಈ ಸಾವುಗಳಲ್ಲಿ ಬಹುಪಾಲು ತಪ್ಪುತ್ತವೆ. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಫಿನಾಯಿಲಿನ ವಾಸನೆಗೆ ಹೆದರುವುದಿಲ್ಲ. ಮೊದಲು ಸೋಪಿನಿಂದ ತೊಳೆದು, ಆಮೇಲೆ ಬ್ಲೀಚಿಂಗ್ ಪುಡಿಯ ನೀರು ಹಾಕಬೇಕು. ನಾಯಿಯ ಜಂತುಹುಳು ನಮ್ಮ ಮಕ್ಕಳಿಗೂ ಬರುತ್ತದೆ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಬಳಿಯಿರಿ, ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ.

“ಮನುಷ್ಯರಿಗೇ ದಿಕ್ಕಿಲ್ಲ, ನಾಯಿಗೆ ಡಾಕ್ಟರೇ?” ಎಂದು ಕೇಳುವವರಿದ್ದಾರೆ. ದಿಕ್ಕಿಲ್ಲದ್ದನ್ನು ಸರಪಳಿ ಹಾಕಿ ಮನೆಗೆ ತಂದವರು ಅವರೇ ಅಲ್ಲವೇ? ಕಟ್ಟಿಹಾಕಿದ ಮೇಲೆ ಅದು ಹುಲ್ಲು ಹುಡುಕಿಕೊಂಡು ಎಲ್ಲಿಗೆ ಹೋಗಬೇಕು? ಡಾಕ್ಟರೇನೂ ಸಪ್ತಸಾಗರದಾಚೆ ಇಲ್ಲ. ಊರಿನಲ್ಲೇ ಸರ್ಕಾರಿ ಪಶು ಆಸ್ಪತ್ರೆಯಿದೆ. ಕೈಮೀರಿದರೆ ಕೃಷ್ಣರಾಜಪುರ ದಾಟಿ ಹೆಬ್ಬಾಳಕ್ಕೆ ಹೋದರೆ 1958ರಲ್ಲಿ ಶುರುವಾದ ಪಶುವೈದ್ಯಕೀಯ ಕಾಲೇಜಿದೆ.

“ಹೆಂಗಸರಿಗೇನು ತಿಳಿಯುತ್ತೆ, ಇದೆಲ್ಲ ಓದಿದವರ ವಿಷಯ” ಎನ್ನುವವರಿಗೆ ಮನುಷ್ಯರ ಭೇದಿಯ ಒಂದು ಕಥೆಯನ್ನೇ ಹೇಳುತ್ತೇನೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವಿನಲ್ಲಿ ಕಾಲರಾದಿಂದ ಸಾಯುತ್ತಿದ್ದರು. ನರಕ್ಕೆ ಏರಿಸುವ ಸಲೈನ್ ಮುಗಿಯುತ್ತ ಬಂತು. ಡಾಕ್ಟರ್ ದಿಲೀಪ್ ಮಹಲನಬೀಸ್ ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟು, ಕುಡಿಸುತ್ತ ಇರಿ ಎಂದರು. ನೂರಕ್ಕೆ 30ರ ಆಸುಪಾಸಿನಲ್ಲಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಪಕ್ಕದಲ್ಲಿ ಕೂತು ನೋಡಿಕೊಳ್ಳುವವರನ್ನು ಆ ದೊಡ್ಡ ಡಾಕ್ಟರು ನಂಬಿದರು. ನಮ್ಮ ಮನೆಯವರು ಒಂದು ನಾಯಿಯ ವಿಷಯದಲ್ಲೂ ನಮ್ಮನ್ನು ನಂಬುವುದಿಲ್ಲ ಎಂದರೆ ಏನು ಹೇಳೋಣ?

ಆದ್ದರಿಂದ ಅಕ್ಕತಂಗಿಯರೇ, ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ನಾಯಿಯ ಲೆಕ್ಕವನ್ನೂ ಬರೆಯಿರಿ: ಎಷ್ಟು ಹೊತ್ತಿಗೆ, ಎಷ್ಟು ಸಲ, ಯಾವ ಬಣ್ಣ, ಹಿಂದಿನ ದಿನ ಏನು ತಿಂದಿತ್ತು. ಲಸಿಕೆಯ ತಾರೀಖೂ ಅಲ್ಲೇ ಇರಲಿ. ಮಾತ್ರೆಯ ಡಬ್ಬಿಗೆ ಕೈ ಹಾಕುವವರ ಕೈ ಹಿಡಿಯಿರಿ. ಸಾಸಿವೆ ಡಬ್ಬಿಯಲ್ಲಿ ಆಟೋಕ್ಕೂ ಔಷಧಿಗೂ ಒಂದಿಷ್ಟು ದುಡ್ಡು ಬೇರೆಯಾಗಿಡಿ. ಕೇಳಿ ಪಡೆಯುವಷ್ಟರಲ್ಲಿ ಹೊತ್ತು ಮೀರಿರುತ್ತದೆ. ಮತ್ತೆ ಡಾಕ್ಟರ ಕೋಣೆಗೆ ನೀವೇ ಹೋಗಿ. ಸರಪಳಿ ಬೇಕಾದರೆ ಅವರೇ ಹಿಡಿದುಕೊಂಡಿರಲಿ. ಮಾತು ಮಾತ್ರ ನಿಮ್ಮದಾಗಿರಲಿ.