ಬೊಂಬೆ ಕೊಳ್ಳುವ ಹವ್ಯಾಸ

ಭಾದ್ರಪದ ಬಹುಳವು ಮುಗಿಯುತ್ತ ಬಂದು, ಮಹಾಲಯದ ತರ್ಪಣಾದಿಗಳು ಇನ್ನೂ ನಡೆದಿರುವಾಗಲೇ ನಮ್ಮ ಮನೆಯ ಅಟ್ಟದಿಂದ ಪೆಟ್ಟಿಗೆಗಳು ಒಂದೊಂದಾಗಿ ಕೆಳಗಿಳಿಯುವವು. ಹೋದ ಸಲ ಎಣಿಸಿ ನೋಡಲಾಗಿ ಅವು 17 ಆಗಿದ್ದವು. ಹದಿನೇಳು ಪೆಟ್ಟಿಗೆಗಳ ತುಂಬ ಗ್ರಂಥಗಳಿದ್ದರೆ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದೆವು. ಆದರೆ ಅವುಗಳಲ್ಲಿರುವವು ಬೊಂಬೆಗಳು. ಮೂವತ್ತು ವರುಷ ಹುಡುಗರಿಗೆ ಶಬ್ದಮಂಜರಿಯನ್ನು ಬಾಯಿಪಾಠ ಮಾಡಿಸಿದ ಶಾಲಾಮಾಸ್ತರರೊಬ್ಬರು ಪೆನ್ಶನ್ನಿನ ಹಣದಲ್ಲಿ ಬೊಂಬೆ ಕೊಳ್ಳುವರೆಂದರೆ ವಾಚಕರು ನಕ್ಕಾರು. ನಗಲಿ, ಈ ಸಂಗತಿಯನ್ನು ಮುಚ್ಚಿಟ್ಟು ಬರೆಯುವದರಲ್ಲಿ ಅರ್ಥವಿಲ್ಲ.

ಹುಮನಾಬಾದದ ಸೀಮೆಯ ನಮ್ಮ ಹುಡಗಿ ಗ್ರಾಮದಲ್ಲಿ ಹುಟ್ಟಿ ಬೆಳೆದ ನಮಗೆ ನವರಾತ್ರಿಯೆಂದರೆ ಘಟಸ್ಥಾಪನೆ, ನಂದಾದೀಪ, ಕಡೆಯ ದಿನ ಬನ್ನಿಯ ವಿನಿಮಯ, ಇಷ್ಟೇ. ಬೊಂಬೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕೂಡ್ರಿಸುವ ಪದ್ಧತಿ ಇತ್ತಲಿನದಲ್ಲ, ಹಳೆಯ ಮೈಸೂರಿನದು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರೆಯ ಉತ್ಸವವನ್ನು ಆರಂಭಿಸಿದರೆಂದು ಪ್ರಸಿದ್ಧಿಯುಂಟು. ಮೈಸೂರಿನ ಅರಮನೆಯಲ್ಲಿ ಬೊಂಬೆಗಳಿಗಾಗಿಯೇ ‘ಗೊಂಬೆ ತೊಟ್ಟಿ’ಯೆಂಬ ಅಂಗಣವಿರುವದನ್ನು ನೋಡಿದವರು ಬಲ್ಲರು. ನಾವಾದರೋ ನಿಜಾಮರ ರಾಜ್ಯದೊಳಗಿನವರು. 1956ರಲ್ಲಿ ಬೀದರ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಆ ಬಳಿಕ ದಕ್ಷಿಣದಿಂದ ವರ್ಗವಾಗಿ ಬಂದ ನೌಕರರ ಕುಟುಂಬಗಳಲ್ಲಿ ಒಂದು ಹುಮನಾಬಾದದಲ್ಲಿತ್ತು. ನಾವು ಐದಾರು ವರುಷದವರಿದ್ದಾಗ ತಾಯಿಯವರ ಸೆರಗು ಹಿಡಿದು ಅವರ ಮನೆಯ ಬೊಂಬೆಗಳನ್ನು ನೋಡಲು ಹೋಗಿದ್ದ ನೆನಪಿದೆ. ಕೈಯಲ್ಲಿ ಒಂದು ಹಿಡಿ ಕಡಲೆ ಉಸಳಿ, ಎದುರಿಗೆ ಕೆಂಪು ಮರದ ರಾಜ ರಾಣಿ. ಮುಟ್ಟಬಾರದೆಂದು ಆಕೆ ಹೇಳಿದರು. ಆ ಮಾತು ಇಂದಿಗೂ ಮರೆತಿಲ್ಲ.

ಹತ್ತು ಹನ್ನೊಂದು ವರುಷಗಳ ಹಿಂದೆ ನಮ್ಮ ಕಿರಿಯ ಸೊಸೆ ಮೈಸೂರಿನ ಕಡೆಯಿಂದ ನಮ್ಮ ಮನೆಗೆ ಬಂದಳು. ಅವಳ ಸಂಗಡ ಪಟ್ಟದ ಬೊಂಬೆಗಳ ಜೋಡಿಯೊಂದು ಬಂದಿತು. ಮದುವೆಯಲ್ಲಿ ಮಗಳಿಗೆ ತವರಿನವರು ರಕ್ತಚಂದನದ ರಾಜ ರಾಣಿಯರನ್ನು ಕೊಡುವದು ಅಲ್ಲಿಯ ವಾಡಿಕೆ. ಪ್ರತಿಪದೆಯ ದಿನ ಅವಕ್ಕೆ ಹೊಸ ಬಟ್ಟೆ ತೊಡಿಸಿ ಮೇಲಿನ ಮೆಟ್ಟಿಲಲ್ಲಿ ಕಲಶದೊಡನೆ ಕೂಡ್ರಿಸುವರು. ಮೆಟ್ಟಿಲುಗಳು ಮೂರು, ಐದು, ಏಳು, ಒಂಬತ್ತು, ಹೀಗೆ ಬೆಸಸಂಖ್ಯೆಯಲ್ಲಿರತಕ್ಕದ್ದು. ವಿಜಯದಶಮಿಯ ರಾತ್ರಿ ರಾಜ ರಾಣಿಯರನ್ನು ಮಲಗಿಸುವರು. ಅಲ್ಲಿಗೆ ಹಬ್ಬ ಮುಗಿಯಿತು. ಉಳಿದ ಮೆಟ್ಟಿಲುಗಳ ಮೇಲೆ ಏನಿಡಬೇಕೆಂಬುದು ಮನೆಯವರ ಮನಸ್ಸು. ವರುಷಕ್ಕೊಂದು ಹೊಸ ಬೊಂಬೆ ಕೊಂಡರೆ ಸಾಕೆಂದು ಸೊಸೆಯ ಅಜ್ಜಿ ಹೇಳಿ ಕಳುಹಿದ್ದರಂತೆ. ಆ ಲೆಕ್ಕದಂತೆ ನಮ್ಮಲ್ಲಿ ಹನ್ನೊಂದು ಹೊಸ ಬೊಂಬೆಗಳಿರಬೇಕಾಗಿತ್ತು.

ಲೆಕ್ಕ ತಪ್ಪಿದ್ದು ‘ಸೆಟ್ಟು’ ಎಂಬ ಶಬ್ದದಿಂದ. ಈಗ ಬೊಂಬೆಗಳು ಬಿಡಿಯಾಗಿ ಬರುವದು ಕಡಿಮೆ. ದಶಾವತಾರವೆಂದರೆ ಹತ್ತು, ಅಷ್ಟಲಕ್ಷ್ಮಿಯರೆಂದರೆ ಎಂಟು. ಮದುವೆಯ ಮಂಟಪ, ದಿಬ್ಬಣ, ಜಂಬೂ ಸವಾರಿಯ ಆನೆ ಕುದುರೆ ವಾದ್ಯದವರು, ಕಿರಾಣಿ ಅಂಗಡಿಯ ಶೆಟ್ಟಿ ಶೆಟ್ಟಮ್ಮ, ಎಲ್ಲವೂ ಕಟ್ಟುಕಟ್ಟಾಗಿ. ಮಣ್ಣಿನ ಬೊಂಬೆಗಳು ಬಹುತರವಾಗಿ ತಮಿಳುನಾಡಿನ ಪಣ್ರುಟ್ಟಿಯ ಕಡೆಯವು: ಅಚ್ಚಿನಲ್ಲಿ ಮಣ್ಣನ್ನೊತ್ತಿ, ಒಣಗಿಸಿ, ಸುಟ್ಟು, ಬಣ್ಣ ಹಾಕಿದವು. ಕಾಗದದ ತಿರುಳಿನವು ಹಗುರವಾದದ್ದರಿಂದ ದೂರದ ಪ್ರಯಾಣವನ್ನು ತಾಳಿಕೊಳ್ಳುವವು. ಆಂಧ್ರದ ಕೊಂಡಪಲ್ಲಿ, ತೆಲಂಗಾಣದ ನಿರ್ಮಲ, ನಮ್ಮ ಚನ್ನಪಟ್ಟಣ ಇವುಗಳ ಮರದ ಬೊಂಬೆಗಳೂ ಸಿಗುತ್ತವೆ. ಚನ್ನಪಟ್ಟಣದವರು ಹಾಲೆ ಮರದ ತುಂಡನ್ನು ಚರಕಿಗೆ ಕೊಟ್ಟು, ಅದು ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿಯುವರು. ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುವದು, ಮೇಲೆ ತಾಳೆಯ ಗರಿಯಿಂದ ಮೆರುಗು ಬರುವದು. ಮೈಸೂರಿನಲ್ಲಿ ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ‘ಬೊಂಬೆ ಮನೆ’ಯೆಂಬ ಪ್ರದರ್ಶನವನ್ನೇರ್ಪಡಿಸಿ ದೇಶದ ನಾನಾ ಕಡೆಯ ಬೊಂಬೆಗಳನ್ನು ಒಂದೇ ಸೂರಿನಡಿ ಮಾರಾಟಕ್ಕಿಟ್ಟದ್ದರಿಂದ ಈ ಹವ್ಯಾಸಕ್ಕೆ ಹೊಸ ಚೈತನ್ಯ ಬಂದಿತೆಂದು ಬಲ್ಲವರು ಹೇಳುವರು.

ಇಷ್ಟೆಲ್ಲದರಲ್ಲಿ ನಮಗೆ ಮೆಚ್ಚಿನವು ಕೊಪ್ಪಳದ ಹತ್ತಿರದ ಕಿನ್ನಾಳದ ಬೊಂಬೆಗಳು. ಆ ಊರೂ 1956ರ ವರೆಗೆ ನಮ್ಮಂತೆಯೇ ಹೈದರಾಬಾದ ರಾಜ್ಯದಲ್ಲಿದ್ದದ್ದರಿಂದ ಸ್ವಲ್ಪ ಅಭಿಮಾನವೂ ಸೇರಿರಬಹುದು. ಅಲ್ಲಿಯ ಚಿತ್ರಗಾರರು ಹಗುರವಾದ ಮರದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ, ಚಿಂದಿ, ಮರದ ಹೊಟ್ಟು, ಹುಣಸೆ ಬೀಜದ ಅಂಟು ಇವುಗಳನ್ನು ಕಲಸಿದ ‘ಕಿಟ್ಟ’ದಿಂದ ಸಂದುಗಳನ್ನು ಮುಚ್ಚುವರು, ಕಲ್ಲಿನ ಪುಡಿಯ ಲೇಪದಿಂದ ಒಡವೆಗಳನ್ನು ಉಬ್ಬಿಸಿ ಆಮೇಲೆ ಬಣ್ಣ ತುಂಬುವರು. ಕಿನ್ನಾಳದ ಗರುಡನ ಮುಖವನ್ನು ಒಮ್ಮೆ ನೋಡಿದವರು ಅದನ್ನು ಮರೆಯಲಾರರು.

ಸೊಸೆಗೆ ನೆರವಾಗಲೆಂದು ಕೈಹಾಕಿದ ನಾವು ಎರಡು ಮೂರು ವರುಷಗಳಲ್ಲಿ ಅವಳನ್ನೂ ಮೀರಿಸಿದೆವು. ಕೈಯಲ್ಲಿರುವ ಫೋನಿನಲ್ಲಿ ಚಿತ್ರ ನೋಡುವದು, ಬೆಲೆ ಕೇಳುವದು, ಯಾವ ಸೆಟ್ಟು ಮುಗಿಯುತ್ತ ಬಂದಿದೆಯೆಂಬ ಸುದ್ದಿಗೆ ಕಿವಿಗೊಡುವದು, ಇದೇ ನಮ್ಮ ಪೂರ್ವಾಹ್ನದ ಕೆಲಸವಾಯಿತು. ಹೀಗೆ ಕೊಂಡ ಸೆಟ್ಟುಗಳಲ್ಲಿ ಎರಡರ ದಾರವನ್ನು ನಾವು ಇಂದಿಗೂ ಬಿಚ್ಚಿಲ್ಲ. ಮೆಟ್ಟಿಲುಗಳಲ್ಲಿ ಸ್ಥಳವಿಲ್ಲ, ಆದರೂ ‘ನಮ್ಮಲ್ಲಿ ಇವೆ’ ಎಂಬ ಸಮಾಧಾನ.

ಈ ಚಪಲವು ನಮ್ಮ ದೇಶದ್ದೇ ಎಂದು ತಿಳಿಯಬೇಕಾಗಿಲ್ಲ. ಅಮೇರಿಕೆಯಲ್ಲಿರುವ ನಮ್ಮ ಹಿರಿಯ ಮಗ ಕ್ರಿಸ್ತಮಸ್ಸಿನ ಕಾಲಕ್ಕೆ ಡೆನ್ಮಾರ್ಕದ ಲೆಗೋ ಕಂಪನಿಯ ಇಟ್ಟಿಗೆಗಳಿಂದ ಹಿಮ ಬಿದ್ದ ಹಳ್ಳಿಯೊಂದನ್ನು ಕಟ್ಟುತ್ತಾನೆ. ಆ ಮಾಲೆಯಲ್ಲಿ ಮೊದಲನೆಯದಾದ ಆಟಿಗೆಯ ಅಂಗಡಿ 2009ರಲ್ಲಿ ಬಂದಿತು. ಆಮೇಲೆ ಒಂದೊಂದಾಗಿ ಹೊಸ ಮನೆಗಳು ಬರುತ್ತಿವೆ. ಅದಕ್ಕೂ ಮೊದಲು, 1976ರಲ್ಲಿ, ಡಿಪಾರ್ಟ್‌ಮೆಂಟ್ 56 ಎಂಬ ವಿಚಿತ್ರ ಹೆಸರಿನ ಅಮೇರಿಕನ್ ಸಂಸ್ಥೆಯು ಒಳಗೆ ದೀಪವುರಿಯುವ ಪಿಂಗಾಣಿಯ ಆರು ಕಟ್ಟಡಗಳಿಂದ ‘ಹಿಮದ ಹಳ್ಳಿ’ಯನ್ನು ಆರಂಭಿಸಿತ್ತು. ಇವುಗಳನ್ನು ಕೊಳ್ಳುವವರಲ್ಲಿ ಮಕ್ಕಳಿಗಿಂತ ತಲೆ ನೆರೆದವರು ಹೆಚ್ಚಂತೆ. ಕೆಲವು ವರುಷ ಮಾರಿದ ಮೇಲೆ ಒಂದು ಮನೆಯನ್ನು ‘ನಿವೃತ್ತ’ವಾಯಿತೆಂದು ಸಂಸ್ಥೆಯು ಸಾರುವದು, ಕೂಡಲೇ ಸಂಗ್ರಾಹಕರು ಅದನ್ನು ಹೆಚ್ಚಿನ ಬೆಲೆಗೆ ಹುಡುಕತೊಡಗುವರು. ನಿವೃತ್ತಿಯಿಂದ ಬೆಲೆ ಏರುವ ವಸ್ತುವನ್ನು ನಾವು ಕಂಡದ್ದು ಇದೊಂದೇ.

ಜಪಾನಿನ ಪದ್ಧತಿ ಇನ್ನೂ ಹತ್ತಿರದ್ದು. ಅಲ್ಲಿ ಮಾರ್ಚ್ 3ರಂದು ಹೆಣ್ಣುಮಕ್ಕಳಿರುವ ಮನೆಯಲ್ಲಿ ಕೆಂಪು ಬಟ್ಟೆ ಹಾಸಿದ ಮೆಟ್ಟಿಲುಗಳ ಮೇಲೆ ‘ಹಿನಾ’ ಬೊಂಬೆಗಳನ್ನು ಕೂಡ್ರಿಸುವರು. ಪೂರ್ಣ ಸೆಟ್ಟಿಗೆ ಏಳು ಮೆಟ್ಟಿಲು, 15 ಜನ: ಮೇಲೆ ಸಮ್ರಾಟ ಸಾಮ್ರಾಜ್ಞಿಯರು, ಕೆಳಗೆ ಮೂವರು ಸಖಿಯರು, ಐವರು ವಾದ್ಯದವರು, ಇಬ್ಬರು ಮಂತ್ರಿಗಳು, ಮೂವರು ಸೇವಕರು. ಹಬ್ಬ ಮುಗಿದ ಮೇಲೂ ಬೊಂಬೆಗಳನ್ನು ತೆಗೆಯದೆ ಬಿಟ್ಟರೆ ಮಗಳ ಮದುವೆ ತಡವಾಗುವದೆಂಬ ನಂಬಿಕೆಯೂ ಉಂಟು. ಸಂಸ್ಕೃತದಲ್ಲಿ ಬೊಂಬೆಗೆ ‘ಪುತ್ರಿಕಾ’ ಎಂದೇ ಹೆಸರು. ಅಮರಸಿಂಹನು ಪಾಂಚಾಲಿಕಾ ಶಬ್ದದ ಜೊತೆಗೆ ಇದನ್ನು ಹೇಳುತ್ತಾನೆ. ಬೊಂಬೆಯೆಂದರೆ ಪುಟ್ಟ ಮಗಳು. ಮಗಳಿಗಾಗಿ ತಂದದ್ದನ್ನು ಮಗಳು ಮುಟ್ಟಬಾರದೆಂಬ ಕಟ್ಟಳೆ ಯಾವಾಗ ಸೇರಿತೋ!

ಆ ಕಟ್ಟಳೆಯನ್ನು ನಮ್ಮ ಮನೆಯಲ್ಲಿ ತಂದವರು ನಾವೇ. ನಮ್ಮ ಮೊಮ್ಮಗಳಿಗೆ ಈಗ ಏಳು ವರುಷ. ಐದನೆಯ ವರುಷದಲ್ಲಿ ಅವಳು ಕೊಳಲೂದುವ ಕೃಷ್ಣನನ್ನು ಕೆಳಗಿಳಿಸಿ ಅಡಿಗೆಯ ಆಟದಲ್ಲಿ ಕೂಡ್ರಿಸಿಕೊಂಡಾಗ ನಾವು ಗದರಿಸಿದೆವು. ಗದರಿಸಿದ ಮಾತು ಹುಮನಾಬಾದದಲ್ಲಿ ಆ ನೌಕರರ ಹೆಂಡತಿ ನಮಗಾಡಿದ್ದೇ ಮಾತು, ಅಕ್ಷರಶಃ. ಮಗು ಅಳಲಿಲ್ಲ, ಹಿತ್ತಲಿಗೆ ಹೋಗಿ ಮಣ್ಣೆತ್ತಿನ ಅಮಾವಾಸ್ಯೆಯಿಂದ ಉಳಿದಿದ್ದ ಕೊಂಬು ಮುರಿದ ಎತ್ತನ್ನು ತೆಗೆದುಕೊಂಡು ಆಡತೊಡಗಿತು.

ಉತ್ತರ ಕರ್ನಾಟಕಕ್ಕೆ ಹಬ್ಬದ ಬೊಂಬೆಗಳಿಲ್ಲವೆಂದು ನಾವು ಮೇಲೆ ಹೇಳಿದಂತೆ ತೋರಬಹುದು, ಅದು ಸರಿಯಲ್ಲ. ನಮ್ಮವು ಇಟ್ಟುಕೊಳ್ಳುವ ಬೊಂಬೆಗಳಲ್ಲ, ಅಷ್ಟೇ. ಜ್ಯೇಷ್ಠ ಬಹುಳ ಅಮಾವಾಸ್ಯೆಗೆ ಹಸಿಮಣ್ಣಿನ ಎತ್ತುಗಳು, ಆಷಾಢದ ಮಂಗಳವಾರಗಳಂದು ಗುಳ್ಳವ್ವ, ಭಾದ್ರಪದದಲ್ಲಿ ಬುಟ್ಟಿಯಲ್ಲಿ ಕುಳಿತು ಬೇವಿನ ಸೊಪ್ಪಿನೊಡನೆ ಮನೆಮನೆಗೆ ಬರುವ ಜೋಕುಮಾರ, ಗೌರಿ ಹುಣ್ಣಿಮೆಗೆ ಮರದ ಅಚ್ಚಿನಲ್ಲೆರೆದ ಸಕ್ಕರೆಯ ಆರತಿಗಳು. ಪೂಜೆಯಾದ ಮೇಲೆ ಮಣ್ಣು ನೀರಿಗೆ, ಸಕ್ಕರೆ ಬಾಯಿಗೆ. ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಐದು ಕಲ್ಲುಗಳಿಗೆ ಸುಣ್ಣ ಬಳಿದು ಪಾಂಡವರೆಂದು ಪೂಜಿಸುವೆವು: ಐದೂ ಕೂಡಿದ ಸೆಟ್ಟು, ಬೆಲೆ ಕಾಸೂ ಇಲ್ಲ.

ಇನ್ನು ಹೋದ ವರುಷದ ಪ್ರಕರಣ. ದೂರದ ಊರೊಂದರ ವ್ಯಾಪಾರಿಯಿಂದ 2600 ರೂಪಾಯಿ ಕೊಟ್ಟು ಮಣ್ಣಿನ ದಶಾವತಾರದ ಸೆಟ್ಟನ್ನು ತರಿಸಿದೆವು. ಪ್ರತಿಪದೆಗೆ ಎರಡು ದಿನ ಮುಂಚೆ ಬಂದಿತು. ಬಿಚ್ಚಿ ನೋಡಿದರೆ ಒಂಬತ್ತು ಅವತಾರಗಳು ಕ್ಷೇಮ. ಕೂರ್ಮ ಮಾತ್ರ ನುಚ್ಚುನೂರು. ಮಂದರಪರ್ವತವನ್ನು ಹೊತ್ತ ಬೆನ್ನಿಗೆ ಲಾರಿಯ ಪ್ರಯಾಣವನ್ನು ತಾಳಲಾಗಲಿಲ್ಲ. ವ್ಯಾಪಾರಿಗೆ ಬರೆದೆವು. ಬಿಡಿ ಬೊಂಬೆ ಮಾರುವದಿಲ್ಲ, ಬೇಕಾದರೆ ಇನ್ನೊಂದು ಸೆಟ್ಟು ಕಳುಹಿಸುವೆನೆಂದು ಉತ್ತರ ಬಂದಿತು. ಒಂದು ಆಮೆಗಾಗಿ ಹತ್ತು ಬೊಂಬೆ! ನಗಬೇಕಾದ ಮಾತು, ಆದರೆ ನಾವು ಆ ರಾತ್ರಿ ನಿದ್ದೆಗೆಟ್ಟು ಹಾಗೆ ಕೊಂಡುಬಿಡಬಾರದೇಕೆ ಎಂದು ವಿಚಾರಿಸಿದೆವು. ಮತ್ಸ್ಯಕ್ಕೂ ವರಾಹಕ್ಕೂ ನಡುವಿನ ಆ ಗೇಣು ಜಾಗ ಕಣ್ಣಿಗೆ ಚುಚ್ಚುತ್ತಿತ್ತು.

ಪಾಠ ಹೇಳಿದ ನಾಟಕವೊಂದು ಆಗ ನೆನಪಾಗಬೇಕಾಗಿತ್ತು, ಆಗಲಿಲ್ಲ. ಬಹಳ ದಿನಗಳ ಮೇಲೆ ಆಯಿತು. ಶೂದ್ರಕನ ಮೃಚ್ಛಕಟಿಕಕ್ಕೆ ಆ ಹೆಸರು ಬಂದದ್ದೇ ಒಂದು ಆಟಿಗೆಯಿಂದ. ಚಾರುದತ್ತನ ಮಗ ರೋಹಸೇನನು ನೆರೆಮನೆಯ ಹುಡುಗನ ಬಂಗಾರದ ಬಂಡಿಯೊಡನೆ ಆಡಿ, ಅದನ್ನು ಅವರು ತಿರುಗಿ ಒಯ್ದಾಗ, ದಾಸಿ ಮಾಡಿಕೊಟ್ಟ ಮಣ್ಣಿನ ಬಂಡಿ ಬೇಡವೆಂದು ಅಳುತ್ತಾನೆ. ವಸಂತಸೇನೆಯು ತನ್ನ ಒಡವೆಗಳನ್ನು ಕಳಚಿ ಆ ಬಂಡಿಯಲ್ಲಿ ತುಂಬುತ್ತಾಳೆ. ಮುಂದೆ ಅವೇ ಒಡವೆಗಳು ನ್ಯಾಯಸ್ಥಾನದಲ್ಲಿ ಚಾರುದತ್ತನ ಕುತ್ತಿಗೆಗೆ ಬರುತ್ತವೆ. ರೋಹಸೇನನು ಬಾಲಕ, ನಾವು ಅರುವತ್ತು ಕಂಡವರು.

ಉಪಾಯ ಸೂಚಿಸಿದವಳು ಸೊಸೆ. ನಮ್ಮೂರ ಕುಂಬಾರರ ಹಿರಿಯನನ್ನು ಕರೆಸಿದಳು. ವರುಷವರುಷ ಎತ್ತು ತಂದುಕೊಟ್ಟು ಮೊರದ ತುಂಬ ಜೋಳ ಒಯ್ಯುತ್ತಿದ್ದವನು. ಮಗ ವಾಹನ ನಡೆಸುತ್ತಾನೆ, ತಿಗರಿ ಮೂಲೆಗೆ ಸೇರಿದೆ, ಎತ್ತುಗಳನ್ನು ಈಗ ಎಂಟು ಹತ್ತು ಮನೆಯವರು ಕೇಳಿದರೆ ಹೆಚ್ಚೆಂದು ಹೇಳಿದನು. ಅವನಿಗೆ ಒಂಬತ್ತು ಅವತಾರಗಳನ್ನು ತೋರಿಸಿದೆವು. ಬಣ್ಣವನ್ನು ನೋಡಿ ‘ಭಾಳ ಛಲೋ ಅವ’ ಎಂದನು. ತಿರುವಿ ಹಾಕಿ ಅಡಿಯ ತೂತನ್ನು ನೋಡಿ ‘ಅಚ್ಚಿನಾವು’ ಎಂದನು. ಮರುದಿನ ಮಣ್ಣು ತಂದು ನಮ್ಮ ಕಟ್ಟೆಯ ಮೇಲೆ ಕುಳಿತು, ಚಹಾ ಆರುವಷ್ಟರಲ್ಲಿ ಆಮೆಯನ್ನು ಮಾಡಿ ಮುಗಿಸಿದನು. ಬೆನ್ನಿನ ಗೆರೆಗಳನ್ನು ಜೋಳದ ದಂಟಿನ ಸಿಬಿರಿನಿಂದ ಕೊರೆದನು. ಹಣ ಕೊಡಹೋದರೆ, ಎತ್ತಿನ ಲೆಕ್ಕದಲ್ಲಿ ಹಿಡಿಯಿರೆಂದನು. ಒತ್ತಾಯದ ಮೇಲೆ 100 ರೂಪಾಯಿ ತೆಗೆದುಕೊಂಡನು.

ಆ ಆಮೆಗೆ ಬಣ್ಣವಿಲ್ಲ, ಸುಟ್ಟದ್ದೂ ಅಲ್ಲ. ಬೊಂಬೆ ನೋಡಲು ಕಲಬುರ್ಗಿಯಿಂದ ಬಂದ ಹವ್ಯಾಸಿಗಳೊಬ್ಬರು ಅದೊಂದು ಸೆಟ್ಟಿಗೆ ಹೊಂದುವದಿಲ್ಲವೆಂದು ಕೂಡಲೇ ಗುರುತಿಸಿದರು. ನಿಜವೇ. ಆದರೆ ಒಂಬತ್ತು ದಿನಗಳಲ್ಲಿ ಮೊಮ್ಮಗಳ ಕೈ ಹೋದದ್ದು ಅದೊಂದರ ಮೇಲೆಯೇ. ಮುರಿದರೆ ಅಜ್ಜ ಬಯ್ಯುವದಿಲ್ಲವೆಂದು ಅವಳಿಗೆ ಯಾರೂ ಹೇಳದೆ ತಿಳಿದಿತ್ತು. ವಿಜಯದಶಮಿಯ ಮರುದಿನ ನಾವು ಬೊಂಬೆಗಳನ್ನು ಹತ್ತಿಯಲ್ಲಿ ಸುತ್ತುತ್ತಿರುವಾಗ ಅವಳು ಆಮೆಯನ್ನು ಪೆಟ್ಟಿಗೆಯಲ್ಲಿಡಲು ಬಿಡಲಿಲ್ಲ. ಎತ್ತುಗಳನ್ನು ಬಿಟ್ಟಂತೆ ಅದನ್ನೂ ನೀರಿಗೆ ಬಿಡಬೇಕೆಂದು ಹಟ ಹಿಡಿದಳು. ಆಮೆಯು ನೀರಿಗೆ ಹೋಗತಕ್ಕದ್ದೇ ಆದ್ದರಿಂದ ನಮ್ಮ ವ್ಯಾಕರಣದಲ್ಲಿ ಪ್ರತ್ಯುತ್ತರ ದೊರೆಯಲಿಲ್ಲ. ಬಕೀಟಿನ ನೀರಿನಲ್ಲಿ ಅದು ಮೊದಲು ಗೆರೆಗಳನ್ನೂ ಆಮೇಲೆ ಕಾಲುಗಳನ್ನೂ ಬಿಟ್ಟುಕೊಟ್ಟಿತು. ಮಗು ಕೊನೆಯ ವರೆಗೂ ಕುಳಿತು ನೋಡಿತು. ಆ ನೀರನ್ನು ದಾಸವಾಳದ ಗಿಡಕ್ಕೆ ಹಾಕಿದಳು.

ಈ ಸಲ ನಾವು ಕರೆಯದೆಯೇ ಕುಂಬಾರನು ಮೊನ್ನೆ ಬಂದು ಹೊಸ ಆಮೆಯನ್ನು ಕಟ್ಟೆಯ ಮೇಲಿಟ್ಟು ಹೋದನು. ನಿನ್ನೆ ದಶಾವತಾರದ ಪೆಟ್ಟಿಗೆ ಬಿಚ್ಚಿದಾಗ ವರಾಹದ ಮೂತಿಯಲ್ಲಿ ಸಣ್ಣದೊಂದು ಬಿರುಕು ಕಂಡಿತು. ಮೊಮ್ಮಗಳು ಅದನ್ನು ನೋಡಿ ನಮ್ಮ ಮುಖವನ್ನು ನೋಡಿದಳು. ವ್ಯಾಪಾರಿಗೆ ನಾವು ಪತ್ರ ಬರೆದಿಲ್ಲ.