ಹೊಲಿಗೆ ಯಂತ್ರವೊಂದೇ ಸಾಲದು

ಮಾನವ ಕಳ್ಳಸಾಗಣೆಯ ಜಾಲದಿಂದ ಹುಡುಗಿಯೊಬ್ಬಳು ಪಾರಾಗಿ ಊರಿಗೆ ಮರಳಿದಳೆನ್ನಿ. ಒಂದು ಹೊಲಿಗೆ ಯಂತ್ರ ಕೊಡಿಸಿದರೆ ಅಥವಾ ಬೇಗ ಮದುವೆ ಮಾಡಿದರೆ ಎಲ್ಲ ಸರಿಹೋದೀತು ಎಂದು ಹಿರಿಯರು ಭಾವಿಸುತ್ತಾರೆ. ಆದರೆ ಆಕೆಯ ಮನಸ್ಸಿಗೆ ಇನ್ನೂ ಬಿಡುಗಡೆ ಸಿಕ್ಕಿರುವುದಿಲ್ಲ.

ದುಃಸ್ವಪ್ನ, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು, ನಡೆದದ್ದು ಮತ್ತೆ ಮತ್ತೆ ಕಣ್ಣೆದುರು ಬರುವುದು, ಜನರಿಂದ ದೂರ ಸರಿಯುವುದು ಇವೆಲ್ಲ ತಿಂಗಳು ಕಳೆದರೂ ನಿಲ್ಲದಿದ್ದರೆ ಅದು ಆಘಾತೋತ್ತರ ಒತ್ತಡದ ಕಾಯಿಲೆ ಇರಬಹುದು. ಅಮೆರಿಕದ ಮನೋವೈದ್ಯರ ಸಂಘ 1980ರಲ್ಲಿ ಇದನ್ನು ರೋಗಗಳ ಪಟ್ಟಿಗೆ ಸೇರಿಸಿತು. ಇದನ್ನು ಹಟವೆಂದು ಗದರಬೇಡಿ, ಗಾಳಿ ಸೋಂಕೆಂದು ತಾಯಿತ ಕಟ್ಟಿಸಿ ಕಾಲ ಕಳೆಯಬೇಡಿ.

ಔಷಧ, ಆಪ್ತಸಲಹೆಗಳ ಜೊತೆಗೆ ಇಲ್ಲಿ ನೆರವಾಗುವುದು ಆಕ್ಯುಪೇಷನಲ್ ಥೆರಪಿ. ಹೆಸರು ಕೇಳಿ ಉದ್ಯೋಗ ತರಬೇತಿ ಎಂದು ತಿಳಿಯಬಾರದು. ನಿದ್ದೆ, ಸ್ನಾನ, ಅಡುಗೆ, ಓದು, ಆಟ, ಪೇಟೆಗೆ ಹೋಗಿಬರುವುದು ಮುಂತಾದ ನಿತ್ಯದ ಕೆಲಸಗಳನ್ನು ಹಂತಹಂತವಾಗಿ ಮರಳಿ ರೂಢಿಸುವ ಚಿಕಿತ್ಸೆ ಇದು. ಇಷ್ಟು ದಿನ ಪರರ ಅಪ್ಪಣೆಯಂತೆ ಬದುಕಿದವಳಿಗೆ ಇಂದಿನ ಕೆಲಸವನ್ನು ತಾನೇ ಆರಿಸಿಕೊಳ್ಳುವುದು ದೊಡ್ಡ ಮದ್ದು. ನಮ್ಮ ಕಡೆ ಅದು ಮಲ್ಲಿಗೆ ಕಟ್ಟುವುದಿರಬಹುದು. ಆದರೆ ಹೂವಿನ ವಾಸನೆಯೇ ಹಳೆಯ ಭಯವನ್ನು ಕೆದಕಿದರೆ ಆ ಕೆಲಸ ಬಿಟ್ಟು ಬೇರೊಂದನ್ನು ಆರಿಸಬೇಕು. ಕೈ ದುಡಿಮೆಗೆ ಹದವಾದ ಮೇಲೆ ಹೊಲಿಗೆ ಯಂತ್ರ ಬರಲಿ, ಅದೂ ಆಕೆ ಬಯಸಿದರೆ ಮಾತ್ರ.

ಮೈಸೂರಿನ ಒಡನಾಡಿ ಸಂಸ್ಥೆ ಇಂಥ ಮಕ್ಕಳಿಗೆ ಮೂರು ದಶಕಗಳಿಂದ ಆಸರೆ ನೀಡುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯಕೀಯ ಪುನರ್ವಸತಿ ವಿಭಾಗವಿದೆ. ಆದರೆ ಹೊನ್ನಾವರದ ಬಡ ಕುಟುಂಬ ವಾರವಾರವೂ ರಾತ್ರಿ ಬಸ್ಸು ಹತ್ತಿ ಅಲ್ಲಿಗೆ ಹೋಗಲಾದೀತೆ? ಮಾನಸಿಕ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕೆಂದು 2017ರ ಕಾಯ್ದೆಯೇ ಹೇಳಿದೆ. ಭಟ್ಕಳ, ಹೊನ್ನಾವರ, ಕುಮಟಾ ತಾಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನವಾದರೂ ಈ ತಜ್ಞರು ಖಾತರಿಯಾಗಿ ಸಿಗುವಂತಾಗಬೇಕು. ಇದು ದಾನವಲ್ಲ, ಸರಕಾರದ ಹೊಣೆ.

ಮನೆಯವರು ಮಾಡಬಹುದಾದದ್ದೂ ಇದೆ. ಊಟ, ನಿದ್ದೆಗೆ ನಿಗದಿತ ವೇಳೆ ಇರಲಿ. ಹಿಂದಿನಿಂದ ಬಂದು ಮುಟ್ಟಬೇಡಿ. ನಡೆದದ್ದನ್ನು ಕೆದಕಿ ಕೇಳಬೇಡಿ, ತಾನಾಗಿ ಹೇಳಿದರೆ ತಾಳ್ಮೆಯಿಂದ ಆಲಿಸಿ. ಆಕೆಯ ಸುದ್ದಿ ಊರ ಬಾಯಿಗೆ ಬೀಳದಂತೆ ನೋಡಿಕೊಳ್ಳಿ. ಸಲಹೆಗೆ ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಲಭ್ಯ, ಕರೆ ಉಚಿತ.

ಗಾಯ ಕಣ್ಣಿಗೆ ಕಾಣದೆಂದು ಚಿಕಿತ್ಸೆಯನ್ನು ಮುಂದೂಡಬೇಡಿ.