ಸೂಜಿ ಎರಡು, ಮೈ ಒಂದೇ

2020ರ ಜುಲೈಯಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ‘ಕ್ವೋ’ ಎಂಬ ಚುಚ್ಚುಮದ್ದಿಗೆ ಒಪ್ಪಿಗೆ ಕೊಟ್ಟಿತು. ಹೆಂಗಸರ ಪೃಷ್ಠದ ಚರ್ಮದಲ್ಲಿ ಮೂಡುವ ಗುಳಿಗಳಿಗೆ, ಅಂದರೆ ಸೆಲ್ಯುಲೈಟ್‌ಗೆ, ಅಲ್ಲಿ ಮಂಜೂರಾದ ಮೊದಲ ಚುಚ್ಚುಮದ್ದು ಅದು. ಎರಡೂವರೆ ವರ್ಷ ತುಂಬುವ ಮೊದಲೇ, 2022ರ ಡಿಸೆಂಬರಿನಲ್ಲಿ, ತಯಾರಕರಾದ ಎಂಡೋ ಕಂಪನಿಯೇ ತಯಾರಿಕೆ ಮತ್ತು ಮಾರಾಟ ನಿಲ್ಲಿಸುವುದಾಗಿ ಪ್ರಕಟಿಸಿತು. ಚುಚ್ಚಿದ ಜಾಗ ಎಷ್ಟು ನೀಲಿಗಟ್ಟುತ್ತದೆ ಎಂಬುದು ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಇತ್ತು. ಚರ್ಮದ ಮೇಲಿನ ಕಲೆ ಬಹುಕಾಲ ಮಾಸದೆ ಉಳಿಯುವ ಆತಂಕವೂ ಇತ್ತು. ಕಂಪನಿ ಕೊಟ್ಟ ಕಾರಣ ಇದೇ. ಮೈಮಾಟ ತಿದ್ದಲು, ಚರ್ಮ ನಯವಾಗಿಸಲು ಎರಡು ಮೂರು ಚುಚ್ಚುಮದ್ದುಗಳನ್ನು ಜೊತೆಗೂಡಿಸುವ ರೂಢಿ ಬೆಳೆಯುತ್ತಿರುವ ಈ ಕಾಲದಲ್ಲಿ ಕ್ವೋದ ಕಥೆಯಿಂದ ಕಲಿಯಬೇಕಾದದ್ದು ಬಹಳವಿದೆ.

ಆ ಮದ್ದಿನ ಹಿಂದಿದ್ದ ತಿಳಿವಳಿಕೆ ಗಟ್ಟಿಯಾದದ್ದೇ. ಚರ್ಮವನ್ನು ಒಳಪದರಕ್ಕೆ ಹಿಡಿದಿಡುವ ನಾರಿನೆಳೆಗಳು ಹೆಂಗಸರಲ್ಲಿ ಬಹುಮಟ್ಟಿಗೆ ನೆಟ್ಟಗೆ ಇಳಿಯುತ್ತವೆ, ಗಂಡಸರಲ್ಲಿ ಓರೆಯಾಗಿ ಹೆಣೆದುಕೊಂಡಿರುತ್ತವೆ ಎಂದು ನ್ಯೂರ್ನ್‌ಬರ್ಗರ್ ಮತ್ತು ಮ್ಯೂಲರ್ ಎಂಬ ವಿಜ್ಞಾನಿಗಳು 1978ರಲ್ಲಿ ವಿವರಿಸಿದ್ದರು. ಎಳೆ ಕೆಳಕ್ಕೆ ಜಗ್ಗುತ್ತದೆ, ನಡುವಿನ ಕೊಬ್ಬು ಮೇಲಕ್ಕೆ ಉಬ್ಬುತ್ತದೆ. ಹತ್ತಿಯ ಹಾಸಿಗೆಗೆ ಅಲ್ಲಲ್ಲಿ ದಾರ ಹಾಕಿ ಬಿಗಿದಾಗ ಆಗುವ ಹಾಗೆ. ಪ್ರಾಯಕ್ಕೆ ಬಂದ ಹೆಂಗಸರಲ್ಲಿ ಬಹುಪಾಲು ಮಂದಿಗೆ ಇದು ಇದ್ದೇ ಇರುತ್ತದೆ. ಇದು ರೋಗವಲ್ಲ ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು. ಕ್ವೋದಲ್ಲಿ ಇದ್ದದ್ದು ಬ್ಯಾಕ್ಟೀರಿಯಾದಿಂದ ಪಡೆದ ಕೊಲಾಜೆನೇಸ್ ಎಂಬ ಕಿಣ್ವ. ಬಿಗಿದ ಎಳೆಯಲ್ಲಿರುವ ಕೊಲಾಜನ್ ಎಂಬ ಪ್ರೋಟೀನನ್ನು ಅದು ಕರಗಿಸಿ ತುಂಡರಿಸುತ್ತದೆ.

ಎಳೆ ತುಂಡಾದರೆ ಗುಳಿ ಮೇಲೇಳಬಹುದು, ಆದರೆ ಜೋತುಬಿದ್ದ ಚರ್ಮ ಬಿಗಿಯಾಗುವುದಿಲ್ಲ. ಕೊಬ್ಬು ಕರಗಿಸಲು ಬೇರೆ ಮದ್ದು ಬೇಕು: ಪಿತ್ತರಸದಲ್ಲಿರುವ ಡಿಯಾಕ್ಸಿಕೋಲಿಕ್ ಆಮ್ಲ. 2015ರಲ್ಲಿ ಎಫ್‌ಡಿಎ ಅದಕ್ಕೆ ಒಪ್ಪಿಗೆ ಕೊಟ್ಟದ್ದು ಗಲ್ಲದ ಕೆಳಗಿನ ಕೊಬ್ಬಿಗೆ ಮಾತ್ರ. ಸಡಿಲ ಚರ್ಮಕ್ಕೆ ಮತ್ತೊಂದು ಬಗೆಯವು: ಕ್ಯಾಲ್ಸಿಯಂ ಹೈಡ್ರಾಕ್ಸಿಲಪಟೈಟ್‌ನ ಸೂಕ್ಷ್ಮ ಗುಂಡುಗಳು, ಅಥವಾ ತಾನಾಗಿ ಕರಗುವ ಹೊಲಿಗೆದಾರಗಳ ಕುಟುಂಬಕ್ಕೆ ಸೇರಿದ ಪಾಲಿ ಎಲ್ ಲ್ಯಾಕ್ಟಿಕ್ ಆಮ್ಲ. ಇವು ಮೈಯಲ್ಲಿ ಹದವಾದ ಕೆರಳಿಕೆ ಹುಟ್ಟಿಸಿ, ವಾರಗಟ್ಟಲೆ, ತಿಂಗಳುಗಟ್ಟಲೆ ಹೊಸ ಕೊಲಾಜನ್ ಕಟ್ಟಿಸುತ್ತವೆ. ಕೊಬ್ಬು, ಎಳೆ, ಚರ್ಮ ಎಂಬ ಮೂರು ಪದರಗಳಿಗೆ ಮೂರು ಮದ್ದು ಇರುವಾಗ ಅವನ್ನು ಒಟ್ಟಿಗೆ ಬಳಸುವ ಯೋಚನೆ ವೈದ್ಯರಿಗೆ ಬಂದದ್ದು ಸಹಜ.

ಜೊತೆಗೂಡಿಸುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಕೆನಡಾದ ವ್ಯಾಂಕೂವರ್‌ನಲ್ಲಿ ಕಣ್ಣಿನ ವೈದ್ಯೆ ಜೀನ್ ಕಾರುದರ್ಸ್ ಮತ್ತು ಅವರ ಪತಿ, ಚರ್ಮತಜ್ಞ ಅಲಸ್ಟೇರ್ ಕಾರುದರ್ಸ್ ಬೊಟಾಕ್ಸನ್ನು ಸುಕ್ಕಿನ ಚಿಕಿತ್ಸೆಗೆ ತಂದವರು. ಹುಬ್ಬುಗಳ ನಡುವಿನ ಆಳವಾದ ಗೆರೆಗೆ ಗೆರೆ ತುಂಬುವ ಹೈಅಲುರಾನಿಕ್ ಆಮ್ಲದ ಫಿಲ್ಲರ್ ಒಂದನ್ನೇ ಕೊಡುವುದಕ್ಕಿಂತ ಬೊಟಾಕ್ಸ್ ಜೊತೆಗೆ ಕೊಟ್ಟರೆ ಫಲ ಹೆಚ್ಚು ಕಾಲ ಉಳಿಯುತ್ತದೆ ಎಂದು 2003ರಲ್ಲಿ ಅವರು ಪ್ರಕಟಿಸಿದ ಅಧ್ಯಯನ ತೋರಿಸಿತು. ಕಾರಣ ಸ್ಪಷ್ಟ. ಬೊಟಾಕ್ಸ್ ಸ್ನಾಯುವಿಗೆ ವಿಶ್ರಾಂತಿ ಕೊಡುತ್ತದೆ. ಸ್ನಾಯು ಹಿಂಡದೆ ಇದ್ದಾಗ ಫಿಲ್ಲರ್ ಇದ್ದಲ್ಲೇ ನಿಲ್ಲುತ್ತದೆ. ಒಂದು ಮದ್ದು ಇನ್ನೊಂದರ ಕೆಲಸವನ್ನು ಕಾಯುತ್ತದೆ. ಈ ಮೇಳಕ್ಕೆ ಒಂದು ತರ್ಕವಿದೆ, ಹೋಲಿಸಿ ನೋಡಿದ ಅಧ್ಯಯನದ ಆಧಾರವೂ ಇದೆ. ಅಷ್ಟಿದ್ದರೂ ಅದೇ ಹುಬ್ಬಿನ ನಡುವೆ ಫಿಲ್ಲರ್ ತಪ್ಪಿ ರಕ್ತನಾಳಕ್ಕೆ ಹೋದರೆ ಕಣ್ಣೇ ಹೋಗಬಹುದು ಎಂದು ಇಂದಿನ ವೈದ್ಯರು ಆ ಜಾಗಕ್ಕೆ ಹೆದರಿ ನಡೆಯುತ್ತಾರೆ.

ಕುತ್ತಿಗೆಯಿಂದ ಕೆಳಗೆ ಇಳಿದಾಗ ಇಷ್ಟು ಆಧಾರ ಸಿಗುವುದಿಲ್ಲ. ಒಂದೊಂದು ಮದ್ದೂ ಬೇರೆಬೇರೆಯಾಗಿ, ಬೇರೆ ಜಾಗಕ್ಕಾಗಿ ಪರೀಕ್ಷೆ ಪಾಸಾಗಿರುತ್ತದೆ; ಒಂದೇ ತೊಡೆಯಲ್ಲಿ ಅವು ಸೇರಿದಾಗ ಏನಾಗುತ್ತದೆ ಎಂಬ ಪರೀಕ್ಷೆ ನಡೆಯುವುದು ಎಷ್ಟೋ ಸಲ ಆ ತೊಡೆಯ ಮೇಲೆಯೇ. ಕೊಲಾಜೆನೇಸ್ ಕೊಲಾಜನ್ನನ್ನು ಒಡೆಯುತ್ತದೆ, ಪಾಲಿ ಎಲ್ ಲ್ಯಾಕ್ಟಿಕ್ ಆಮ್ಲ ಅದನ್ನು ಕಟ್ಟಿಸುತ್ತದೆ. ಎರಡನೆಯದನ್ನು ಕೊಟ್ಟ ಮೇಲೆ ಗಂಟು ಕಟ್ಟದಿರಲೆಂದು ದಿನಕ್ಕೆ ಐದು ಬಾರಿ, ಐದೈದು ನಿಮಿಷ, ಐದು ದಿನ ಆ ಜಾಗವನ್ನು ತಿಕ್ಕಬೇಕೆಂದು ವೈದ್ಯರು ಹೇಳುತ್ತಾರೆ. ಮೊದಲ ಮದ್ದಿನಿಂದ ನೀಲಿಗಟ್ಟಿ ನೋಯುವ ಜಾಗವನ್ನು ಹಾಗೆ ತಿಕ್ಕುವುದು ಹೇಗೆ? ಒಂದೇ ದಿನ ಎರಡನ್ನೂ ಕೊಟ್ಟು, ತಿಂಗಳಾದ ಮೇಲೆ ಅಲ್ಲೊಂದು ಗಟ್ಟಿ ಗಂಟು ಸಿಕ್ಕರೆ ಅದು ಯಾವುದರ ಫಲ ಎಂದು ಹೇಳುವವರು ಯಾರು? ಹಾಗಾಗಿ ಬೆರೆಸುವ ವಿದ್ಯೆಯ ತಿರುಳು ಇರುವುದು ನಡುವಿನ ಬಿಡುವಿನಲ್ಲಿ. ಒಂದು ಮದ್ದು ತನ್ನ ಕೆಲಸ ಮುಗಿಸಿ, ಮೈ ಅದಕ್ಕೆ ಕೊಟ್ಟ ಉತ್ತರವನ್ನು ಕಣ್ಣಾರೆ ನೋಡಿದ ಮೇಲೆ ಎರಡನೆಯದರ ಮಾತು. ಎಷ್ಟೋ ವೇಳೆ ಆ ಹೊತ್ತಿಗೆ ಎರಡನೆಯದು ಬೇಡವೆನಿಸಲೂಬಹುದು.

ಇನ್ನೊಂದು ವಿಚಾರ, ಹಿಂದಕ್ಕೆ ಬರುವ ದಾರಿ. ಹೈಅಲುರಾನಿಕ್ ಆಮ್ಲದ ಫಿಲ್ಲರ್ ಎಡವಟ್ಟಾದರೆ ಹೈಅಲುರಾನಿಡೇಸ್ ಎಂಬ ಕಿಣ್ವ ಚುಚ್ಚಿ ಕರಗಿಸಬಹುದು. ಕ್ಯಾಲ್ಸಿಯಂ ಗುಂಡುಗಳಿಗಾಗಲಿ ಪಾಲಿ ಎಲ್ ಲ್ಯಾಕ್ಟಿಕ್ ಆಮ್ಲಕ್ಕಾಗಲಿ ಅಂಥ ಸುಲಭ ಪರಿಹಾರವಿಲ್ಲ; ದ್ರವ ಸಿಲಿಕೋನ್ ಒಳಗೆ ಹೋದರೆ ಹೋಯಿತು. ಚರಿತ್ರೆ ಈ ಪಾಠವನ್ನು ಒಮ್ಮೆ ಕಲಿಸಿದೆ. ವಿಯೆನ್ನಾದ ಶಸ್ತ್ರವೈದ್ಯ ರಾಬರ್ಟ್ ಗೆರ್ಸುನಿ 1899ರಲ್ಲಿ ಪ್ಯಾರಾಫಿನ್ ಚುಚ್ಚಿ ದೇಹದ ಆಕಾರ ತಿದ್ದುವ ವಿಧಾನ ತಂದರು. ಮೊದಮೊದಲು ಫಲ ಚೆನ್ನಾಗಿಯೇ ಕಂಡಿತು, ಯುರೋಪಿನಲ್ಲಿ ಅದರ ಬಳಕೆ ಹರಡಿತು. ವರ್ಷಗಳು ಕಳೆದಂತೆ ಮೇಣ ಜಾರಿತು, ಗಡ್ಡೆಗಟ್ಟಿತು, ಚರ್ಮ ಹುಣ್ಣಾಯಿತು. ಮೈಮಾಟಕ್ಕಾಗಿ ಸಿಲಿಕೋನ್ ಚುಚ್ಚಿಸಿಕೊಳ್ಳಬೇಡಿ ಎಂದು ಎಫ್‌ಡಿಎ ಇಂದಿಗೂ ಎಚ್ಚರಿಸುತ್ತಿರುವುದು ಅದೇ ದುರಂತ ಮರುಕಳಿಸುತ್ತಿರುವುದರಿಂದ. ಬ್ರಿಟನ್ನಿನಲ್ಲಿ 2024ರ ಸೆಪ್ಟೆಂಬರಿನಲ್ಲಿ ಪೃಷ್ಠ ತುಂಬಿಸುವ ಚುಚ್ಚುಮದ್ದು ತೆಗೆದುಕೊಂಡ ತಾಯಿಯೊಬ್ಬಳು ಪ್ರಾಣ ಕಳೆದುಕೊಂಡಳು. ಇಂಥ ಅಪಾಯದ ಚಿಕಿತ್ಸೆಗಳನ್ನು ಅರ್ಹ ವೈದ್ಯಕೀಯ ಸಿಬ್ಬಂದಿಗಷ್ಟೇ ಮೀಸಲಿಡುವುದಾಗಿ ಅಲ್ಲಿನ ಸರ್ಕಾರ ಹೇಳಿದ್ದು 2025ರ ಆಗಸ್ಟಿನಲ್ಲಿ.

ನಮ್ಮಲ್ಲಿ ಈ ಮಾತು ಈಗ ತುರ್ತಿನದು. ತೂಕ ಇಳಿಸುವ ಚುಚ್ಚುಮದ್ದುಗಳಾದ ಮೌಂಜಾರೊ 2025ರ ಮಾರ್ಚಿನಲ್ಲಿ, ವೆಗೊವಿ ಅದೇ ವರ್ಷದ ಜೂನ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಬೊಜ್ಜಿನಿಂದ ನಿಜಕ್ಕೂ ನರಳುವವರಿಗೆ ಇವು ವರವೇ. ಆದರೆ ಬೇಗ ತೂಕ ಇಳಿದಾಗ ಕೆನ್ನೆ ಒಳಸೇರುತ್ತದೆ, ತೋಳಿನ ಚರ್ಮ ಜೋಲುತ್ತದೆ. ಅದನ್ನು ತುಂಬಲು, ಬಿಗಿಯಲು ಮುಂದಿನ ಚುಚ್ಚುಮದ್ದಿನ ಆಸೆ ಹುಟ್ಟುತ್ತದೆ. ಮದುವೆಗೆ ಮುಂಚೆ ಎಲ್ಲವನ್ನೂ ಒಂದೇ ಪ್ಯಾಕೇಜಿನಲ್ಲಿ ಮುಗಿಸಬೇಕೆಂಬ ಅವಸರ ಅದಕ್ಕೆ ಸೇರಿಕೊಳ್ಳುತ್ತದೆ. ಕಾರ್ಯಾಗಾರದಲ್ಲೋ ಯೂಟ್ಯೂಬಿನಲ್ಲೋ ನೋಡಿ ಕಲಿತದ್ದು ಸೌಂದರ್ಯ ಚಿಕಿತ್ಸೆ ಮಾಡಲು ಸಾಲದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ. ಅಂಥ ಮಾತನ್ನು ಹೇಳಬೇಕಾಗಿ ಬಂತು ಎಂಬುದೇ ಪರಿಸ್ಥಿತಿ ಎಲ್ಲಿಗೆ ಮುಟ್ಟಿದೆ ಎಂಬುದಕ್ಕೆ ಸಾಕ್ಷಿ.

ಚೆಂದ ಕಾಣಬೇಕೆಂಬ ಆಸೆಯನ್ನು ಹಳಿಯುವ ಹಕ್ಕು ಯಾರಿಗೂ ಇಲ್ಲ. ಹೆರಿಗೆಯ ನಂತರ, ಕಾಯಿಲೆಯ ನಂತರ ತನ್ನ ಮೈ ತನ್ನದೆನಿಸದೆ ಕೊರಗುವವರಿಗೆ ಒಳ್ಳೆಯ ಚಿಕಿತ್ಸೆ ಸಿಗಲೇಬೇಕು. ಆ ಆಸೆಗೆ ಗೌರವ ಕೊಡುವ ವೈದ್ಯರು ನಾಲ್ಕು ಪ್ರಶ್ನೆಗೆ ಬೇಸರವಿಲ್ಲದೆ ಉತ್ತರಿಸುತ್ತಾರೆ. ಈ ಎರಡು ಮದ್ದು ಒಂದಕ್ಕೊಂದು ಯಾವ ನೆರವು ಕೊಡುತ್ತವೆ? ನಡುವೆ ಎಷ್ಟು ಬಿಡುವು? ಎಡವಟ್ಟಾದರೆ ಯಾವುದನ್ನು ಕರಗಿಸಬಹುದು, ಯಾವುದನ್ನು ಆಗದು? ಯಾವ ಮದ್ದು, ಯಾವ ಬ್ಯಾಚ್, ಎಷ್ಟು ಮಿಲಿಲೀಟರ್, ಯಾವ ಜಾಗ ಎಂದು ಬರೆದ ಚೀಟಿ ನನ್ನ ಕೈಗೆ ಸಿಗುತ್ತದೆಯೇ? ಈ ಚೀಟಿ ಕೊಡುವುದನ್ನು ಪ್ರತಿ ಕ್ಲಿನಿಕ್ಕಿಗೂ ಕಡ್ಡಾಯ ಮಾಡಬೇಕು. ಹತ್ತು ವರ್ಷದ ಮೇಲೆ ಬೇರೊಬ್ಬ ವೈದ್ಯರು ಆ ಗಂಟನ್ನು ಮುಟ್ಟಿ ನೋಡುವಾಗ ಒಳಗಿರುವುದೇನೆಂದು ಅವರಿಗೆ ತಿಳಿದಿರಬೇಕು. ಈ ನಾಲ್ಕಕ್ಕೂ ನೇರ ಉತ್ತರ ಸಿಗದ ಕಡೆ, ರಿಯಾಯಿತಿ ಎಷ್ಟೇ ಇರಲಿ, ಸೂಜಿಗೆ ಮೈಯೊಡ್ಡಬಾರದು.